ಇಪ್ಪತ್ತಾರು ನಿಮಿಷದ ಬೈಗುಳ

ಸೋಲ್ವಿ ಹೌಕ್ನೆಸ್ ನಮ್ಮ ಆಸ್ಪತ್ರೆಗೆ ಕೆಲಸಕ್ಕೆ ಬಂದ ದಿನ ಅವಳಿಗೆ ಕೊಟ್ಟ ಕೋಣೆಯಲ್ಲಿ ಚಕ್ರ ಮುರಿದ ಹನ್ನೊಂದು ಗಾಲಿಕುರ್ಚಿಗಳಿದ್ದವು. ಒಂಬತ್ತನ್ನು ನಾನೇ ಹೊರಗೆ ತಳ್ಳಿದೆ. ಉಳಿದೆರಡು ಇರಲಿ ಬಿಡು ಎಂದಳು. ರೋಗಿಗಳು ಕೂರಲು ಬೇರೆ ಕುರ್ಚಿಯನ್ನೇ ಯಾರೂ ಕೊಟ್ಟಿರಲಿಲ್ಲ. ಕಿಟಕಿಯಂತೂ ಕೇಳಲೇಬೇಡಿ.

ನಾನು ಬೋರ್ಗ್ನಿ. ಸ್ಟೈನ್‌ವೋಗ್ ಎಂಬ ಊರಿನ ಆಸ್ಪತ್ರೆಯ ಶ್ವಾಸಕೋಶ ವಿಭಾಗದ ರಿಸೆಪ್ಷನ್ ಮೇಜಿನ ಹಿಂದೆ ಹತ್ತೊಂಬತ್ತು ವರ್ಷದಿಂದ ಕೂತಿದ್ದೇನೆ. ಊರಲ್ಲಿ ಯಾರ ಎದೆ ಕರಕರ ಅನ್ನುತ್ತಿದೆ ಎಂಬುದು ಪಾದ್ರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಬಾಯಿ ಬಿಡುವುದಿಲ್ಲ ಎಂದು ಸಹಿ ಹಾಕಿದವಳು ನಾನು. ಆದರೂ ಇದನ್ನು ಹೇಳುತ್ತಿರುವುದು, ಸಂಬಂಧಪಟ್ಟವನೇ "ಹೇಳು ಮಾರಾಯ್ತಿ, ಊರಿಗೆಲ್ಲ ಕೇಳಿದ ಗೊರಕೆಗೆ ಗುಟ್ಟೇನು" ಎಂದು ಅಪ್ಪಣೆ ಕೊಟ್ಟ ಮೇಲೆ.

ಸೋಲ್ವಿ ಚಿಕಿತ್ಸಾ ಮನಶ್ಶಾಸ್ತ್ರಜ್ಞೆ. ಜೊತೆಗೆ ಓದಿದವರೆಲ್ಲ ಬಾಲ್ಯದ ಗಾಯ, ಮದುವೆಯ ಬಿರುಕು ಎಂದು ಮರ್ಯಾದೆಯ ವಿಷಯಗಳನ್ನು ಹಿಡಿದರೆ ಇವಳು ನಿದ್ದೆಯನ್ನು ಹಿಡಿದಳು. ಅವಳ ಅಪ್ಪ ಹಾಲಿನ ಲಾರಿ ಓಡಿಸುತ್ತಿದ್ದ. ಒಂದು ಬೆಳಿಗ್ಗೆ ಸ್ಟಿಯರಿಂಗ್ ಹಿಡಿದೇ ನಿದ್ದೆಹೋಗಿ ಲಾರಿ ಸಮೇತ ಬೆಟ್ಟಗಳ ನಡುವೆ ಚಾಚಿದ ಕಡಲಿಗೆ, ಫಿಯೋರ್ಡಿಗೆ, ಇಳಿದ. ಬದುಕಿಕೊಂಡ. ಬೆಳ್ಳಗಾದ ಸಮುದ್ರ ನೋಡಲು ಊರೇ ನೆರೆಯಿತು, ವರ್ಷಗಟ್ಟಲೆ ನಕ್ಕಿತು. ಮಗಳಿಗೆ ನಗು ಬರಲಿಲ್ಲ. ಅವನು ಯಾಕೆ ಅಷ್ಟು ದಣಿದಿದ್ದ ಎಂದು ಕೇಳುವವರೇ ಇಲ್ಲವಲ್ಲ ಎಂದು ಅವಳಿಗೆ ಅನ್ನಿಸಿತಂತೆ.

ನಮ್ಮ ವಿಭಾಗದ ಮುಖ್ಯಸ್ಥ ಟೋರ್ಗೈರ್ ಬ್ರೆಕ್ಮೋ. ನೂರಹದಿನೆಂಟು ಕಿಲೋ ತೂಕ, ಕೊಂಬಿನ ಕಹಳೆಯಂಥ ದನಿ. ಮೊದಲ ದಿನವೇ ಊಟದ ಮೇಜಿನಲ್ಲಿ ಅವಳನ್ನು ವಿಚಾರಿಸಿಕೊಂಡ.

"ಹಾಗಾದ್ರೆ ನೀನು ನಿದ್ದೆ ಬರದವ್ರಿಗೆ ಜೋಗುಳ ಹಾಡೋಳು?"

"ಇಲ್ಲ. ಹಾಸಿಗೆಯಿಂದ ಎಬ್ಬಿಸಿ ಓಡ್ಸೋಳು."

"ಅದಕ್ಕೆ ಅಷ್ಟೊಂದು ಓದ್ಬೇಕಾ? ನಮ್ಮಮ್ಮ ಓದದೇನೇ ಮಾಡ್ತಿದ್ಲು."

"ನಿಮ್ಮಮ್ಮ ಎಬ್ಬಿಸಿದ್ಮೇಲೆ ನೀನು ಸರಿಹೋದ್ಯಾ ಇಲ್ವಾ ಅಂತ ಯಾರಾದ್ರೂ ಪರೀಕ್ಷೆ ಮಾಡಿದ್ರಾ? ನಾನು ಮಾಡ್ತೀನಿ."

ನಮ್ಮಲ್ಲಿ ರಾಜನನ್ನು ಬಿಟ್ಟರೆ ಯಾರಿಗೂ ಬಹುವಚನದ ಭಾಗ್ಯವಿಲ್ಲ, ಹಾಗಾಗಿ ಈ ಮಾತಿನಿಂದ ಯಾರಿಗೂ ಅವಮಾನವಾಗಲಿಲ್ಲ. ಆದರೆ ಹೆಸರು ಅಂಟಿಕೊಂಡಿತು. ಅಂದಿನಿಂದ ಎಲ್ಲರ ಬಾಯಲ್ಲೂ ಅವಳು 'ಜೋಗುಳದವಳು'.

ಜೋಗುಳ ಎಂಥದ್ದು ಎಂದು ಮೊದಲು ಕಂಡವಳು ಗುನ್ವೋರ್, ನಿವೃತ್ತ ಗಣಿತದ ಟೀಚರು. ರಾತ್ರಿ ಒಂಬತ್ತಕ್ಕೆ ಮಲಗಿ ಬೆಳಿಗ್ಗೆ ಎಂಟರವರೆಗೆ ಹಾಸಿಗೆಯಲ್ಲಿದ್ದು, ಐದು ಗಂಟೆ ನಿದ್ದೆ ಮಾಡಿ, ಉಳಿದ ಆರು ಗಂಟೆ ಸೂರು ನೋಡುತ್ತಿದ್ದಳು. ಸೋಲ್ವಿ ಎರಡು ವಾರ ಅವಳ ಕೈಲಿ ಎಲ್ಲ ಬರೆಸಿ, ಓದಿ, ತೀರ್ಪು ಕೊಟ್ಟಳು: "ಇನ್ಮೇಲೆ ಒಂದು ಗಂಟೆಗೆ ಮಲ್ಗು, ಆರೂವರೆಗೆ ಏಳು. ಮಧ್ಯೆ ಎಚ್ಚರ ಆದ್ರೆ ಹಾಸಿಗೆ ಬಿಟ್ಟು ಆಚೆ ಹೋಗಿ ಕೂತ್ಕೋ."

ಗುನ್ವೋರ್‌ಳ ಕೂಗು ಗೋಡೆ ದಾಟಿ ನನ್ನ ಮೇಜಿಗೆ ಬಂತು. "ನಿದ್ದೆ ಬರಲ್ಲ ಅಂತ ಬಂದ್ರೆ ಇರೋ ಹಾಸಿಗೇನೂ ಕಿತ್ಕೋತೀಯಲ್ಲೇ! ನಿನ್ನ ಪದವೀನ ಒಲೆಗೆ ಹಾಕ!"

"ಹಾಕು. ಒಂದು ಗಂಟೆವರೆಗೆ ಬೆಚ್ಚಗಾದ್ರೂ ಇರುತ್ತೆ."

ಗುನ್ವೋರ್ ಬೈಯುತ್ತಲೇ ಎರಡು ಸ್ವೆಟರ್ ಹೆಣೆದಳು. ಮೂರನೆಯ ವಾರ ದಣಿವು ತಾಳದೆ, ಮಲಗಿದವಳು ಆರೂವರೆಗೇ ಎದ್ದಳು. ಆಮೇಲೆ ಸೋಲ್ವಿ ವಾರಕ್ಕೆ ಕಾಲು ಗಂಟೆಯಂತೆ ಹಾಸಿಗೆಯನ್ನು ಮರಳಿ ಕೊಟ್ಟಳು, ಜಿಪುಣ ಅತ್ತೆ ಸಕ್ಕರೆ ಕೊಟ್ಟ ಹಾಗೆ. ಬೇಸಿಗೆಯ ಹೊತ್ತಿಗೆ ಗುನ್ವೋರ್ ಬೆಣ್ಣೆ ಸವರಿದ ಲೆಫ್ಸೆ ರೊಟ್ಟಿಯ ಡಬ್ಬಿ ಹಿಡಿದು ಬಂದಳು, ಕ್ಷಮೆ ಕೇಳಲಿಲ್ಲ. ಊರಿಗೆಲ್ಲ ಮಾತ್ರ ಹೇಳಿಕೊಂಡು ಬಂದಳು. ಕಿಟಕಿಯಿಲ್ಲದ ಕೋಣೆಯ ಮುಂದೆ ಸಾಲು ಹತ್ತಿತು.

ಎರಡನೆಯ ವರ್ಷದ ಸೆಪ್ಟೆಂಬರಿನಲ್ಲಿ, ಒಂದು ಬೆಳಿಗ್ಗೆ, ವಿಭಾಗದ ಬಾಗಿಲು ತೆರೆಯುವ ಮುಂಚೆಯೇ ಟೋರ್ಗೈರ್ ನನ್ನ ಮೇಜಿನ ಬಳಿ ಬಂದು ಪೆನ್ನುಗಳನ್ನು ಸಾಲಾಗಿ ಜೋಡಿಸತೊಡಗಿದ.

"ಒಬ್ಬ ಪರಿಚಯದವನಿಗೆ ಸೋಲ್ವಿ ಹತ್ರ ಟೈಮ್ ಬೇಕಿತ್ತು."

"ಹೆಸರು?"

"ಹೆಸರು... ಪೆದರ್."

"ಪೆದರ್ ಏನು?"

ಅವನ ಕಣ್ಣು ಅತ್ತಿತ್ತ ಓಡಿ ಕಿಟಕಿಯಾಚೆ ನಿಂತಿತು. ಅಲ್ಲಿ ಬೆಟ್ಟವಿತ್ತು. "ಬರ್ಗ್," ಅಂದ. ನಮ್ಮ ಭಾಷೆಯಲ್ಲಿ ಬರ್ಗ್ ಅಂದರೆ ಬೆಟ್ಟವೇ. ಪುಣ್ಯಕ್ಕೆ ಕಸದ ತೊಟ್ಟಿ ಕಣ್ಣಿಗೆ ಬೀಳಲಿಲ್ಲ.

"ಪೆದರ್ ಬೆಟ್ಟನಿಗೆ ಏನಾಗಿದೆ?"

"ಮಾಸ್ಕ್ ಹಾಕ್ಕೊಳಕ್ಕೆ ಆಗಲ್ಲ ಅವ್ನಿಗೆ. ಹಾಕಿದ್ರೆ ಪ್ರಾಣ ಹೋದಂಗಾಗುತ್ತೆ. ಗೊರಕೆ ತಡೀಲಾರ್ದೆ ಹೆಂಡ್ತಿ ದಡದಲ್ಲಿ ದೋಣಿ ಇಡೋ ದೋಣಿಮನೆಗೆ ಓಡ್ಸಿದಾಳೆ. ಹದಿನಾಲ್ಕು ತಿಂಗಳಾಯ್ತು. ಮೊನ್ನೆ ಕೆಂಪು ದೀಪದ ಹತ್ರ ಕಾರಲ್ಲೇ ನಿದ್ದೆ ಹೋದ."

"ಟೋರ್ಗೈರ್, ಸರ್ಕಾರ ಕೊಟ್ಟ ಜನ್ಮಸಂಖ್ಯೆ ಇಲ್ದೆ ಕಂಪ್ಯೂಟರ್ ಒಳಗೆ ಬಿಡಲ್ಲ. ನಿಂದೇ ಹೇಳು."

ಹೇಳಿದ. ಕೊನೆಯ ಅಂಕಿಗಳು ನನಗೆ ಕೇಳಿಸಲೇ ಇಲ್ಲ. ಎರಡು ಸಲ ಹೇಳಿಸಬೇಕಾಯಿತು.

ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುವ ಕಾಯಿಲೆ ಅದು. ಹಾಸಿಗೆಯ ಪಕ್ಕ ಒಂದು ಯಂತ್ರ, ಅದರಿಂದೊಂದು ಕೊಳವೆ, ಮೂಗಿಗೊಂದು ಮಾಸ್ಕು. ಯಂತ್ರ ಗಾಳಿ ಒತ್ತಿ ಗಂಟಲನ್ನು ತೆರೆದಿಡುತ್ತದೆ. ಟೋರ್ಗೈರ್ ಇಪ್ಪತ್ತು ವರ್ಷದಿಂದ ಅರ್ಧ ಊರಿಗೆ ಅದನ್ನು ಬರೆದುಕೊಟ್ಟಿದ್ದ. ಆಗುವುದಿಲ್ಲ ಎಂದವರಿಗೆಲ್ಲ ಅವನದ್ದು ಒಂದೇ ಮಂತ್ರ: "ಹಾಕ್ಕೋ, ಅಭ್ಯಾಸ ಆಗುತ್ತೆ." ತನ್ನನ್ನೇ ಗುಟ್ಟಾಗಿ ಪರೀಕ್ಷಿಸಿಕೊಂಡಾಗ ಗಂಟೆಗೆ ನಲವತ್ತೇಳು ಸಲ ಉಸಿರು ನಿಲ್ಲುತ್ತಿತ್ತು. ಮಾಸ್ಕು ಹಾಕಿಕೊಂಡ. ಅಭ್ಯಾಸ ಆಗಲಿಲ್ಲ. ಕಿತ್ತು ಗೋಡೆಗೆಸೆದ.

ಬುಧವಾರಗಳಂದು ಬೆಳಿಗ್ಗೆ ಏಳೂಕಾಲಿಗೆ, ಬೇರೆ ರೋಗಿಗಳು ಬರುವ ಮುಂಚೆ, ಹಿಂಬಾಗಿಲಿಂದ ಸೋಲ್ವಿಯ ಕೋಣೆಗೆ ಬರತೊಡಗಿದ. ಮುಖ್ಯಸ್ಥ ಮುರುಕು ಗಾಲಿಕುರ್ಚಿಯಲ್ಲಿ ಕೂತರೆ ಅದು ಒಂದು ಕಡೆಗೆ ವಾಲುತ್ತಿತ್ತು.

"ನಂಗೆ ಒಂಬತ್ತು ವರ್ಷ ಇದ್ದಾಗ ದೋಣಿ ಮಗುಚಿ, ಅದರಡೀಲಿ ಸಿಕ್ಕಾಕೊಂಡಿದ್ದೆ," ಎಂದು ಶುರುಮಾಡಿದ. ಮನಶ್ಶಾಸ್ತ್ರಜ್ಞರಿಗೆ ಇಂಥದ್ದೇ ಬೇಕು ಎಂದು ಅವನ ಲೆಕ್ಕಾಚಾರ.

"ಹೇಳು, ಕೇಳ್ತೀನಿ. ಹೇಳುವಾಗ ಮಾಸ್ಕ್ ಕೈಲಿ ಹಿಡ್ಕೊಂಡಿರು."

"ಯಾಕೆ?"

"ದೋಣಿ ಕಥೆ ಮುಗಿಯೋಷ್ಟ್ರಲ್ಲಿ ಕೈಗಾದ್ರೂ ಅದು ಅಭ್ಯಾಸ ಆಗ್ಲಿ."

ಒಂದು ವಾರ ಕೈಯಲ್ಲಿ. ಮುಂದಿನ ವಾರ ಪಟ್ಟಿ ಕಟ್ಟದೆ ಮೂಗಿನ ಮೇಲೆ. ಅದರ ಮುಂದಿನ ವಾರ ಪಟ್ಟಿ ಕಟ್ಟಿ, ಯಂತ್ರ ಹಚ್ಚದೆ. ಮನೆಗೆಲಸವೂ ಇತ್ತು: ಹಗಲಲ್ಲಿ, ಎಚ್ಚರವಿದ್ದು, ಮಾಸ್ಕು ಹಾಕಿಕೊಂಡು ಆಲೂಗಡ್ಡೆ ಸುಲಿಯಬೇಕು. ಅಂಚೆ ಹಂಚುವವಳು ದೋಣಿಮನೆಯ ಕಿಟಕಿಯಲ್ಲಿ ಇಣುಕಿದಾಗ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡ ದೊಡ್ಡ ಡಾಕ್ಟರು ಚಾಕು ಹಿಡಿದು ಕೂತಿದ್ದ. ಗ್ಯಾಸ್ ಸೋರಿದೆ ಎಂದುಕೊಂಡು ಅಗ್ನಿಶಾಮಕದವರಿಗೆ ಫೋನ್ ಮಾಡಿದಳು. ಟೋರ್ಗೈರ್ ಹೊಸ ಯಂತ್ರದ ಪರೀಕ್ಷೆ ಎಂದು ಬೊಗಳೆ ಬಿಟ್ಟು ಅವರನ್ನು ವಾಪಸು ಕಳಿಸಿದ.

ಇಷ್ಟಾದರೂ ಯಂತ್ರ ಹಚ್ಚಿದ ಮೇಲೆ ನಾಲ್ಕು ನಿಮಿಷ ದಾಟಲಿಲ್ಲ. ನಾಲ್ಕಕ್ಕೆ ಸರಿಯಾಗಿ ಕೈ ಪಟ್ಟಿಗೆ ಹೋಗುತ್ತಿತ್ತು.

ನವೆಂಬರಿನಲ್ಲಿ ಆಸ್ಪತ್ರೆಯ ನಿರ್ದೇಶಕಿ ವಿಭಾಗದ ಸಭೆಗೆ ಬಂದಳು. ಖರ್ಚು ಕಡಿಮೆ ಮಾಡಬೇಕು, ಸೋಲ್ವಿಯ ಹುದ್ದೆ ಹೊಸ ವರ್ಷದಿಂದ ಮುಂದುವರಿಯುವುದಿಲ್ಲ ಎಂದಳು. "ಇದರ ಬಗ್ಗೆ ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?"

ಎಲ್ಲರೂ ಟೋರ್ಗೈರ್‌ನ ಕಡೆ ನೋಡಿದರು. ಅವನು ಕಾಫಿಯನ್ನು ನೋಡಿದ. ಸೋಲ್ವಿಯಂತೂ ಬಾಯಿ ತೆರೆಯುವ ಹಾಗಿರಲಿಲ್ಲ. ರೋಗಿಯ ಗುಟ್ಟು ಅವಳ ನಾಲಿಗೆಯ ಮೇಲೆ ಕೂತಿತ್ತು. ಸಭೆಯ ಟಿಪ್ಪಣಿ ಬರೆಯುವುದು ನನ್ನ ಕೆಲಸ. 'ಯಾರೂ ಮಾತಾಡಲಿಲ್ಲ' ಎಂದು ಬರೆದೆ. ಪೆನ್ನಿನ ಮೊನೆ ಕಾಗದ ಹರಿಯಿತು.

ಮುಂದಿನ ಬುಧವಾರ ಟೋರ್ಗೈರ್ ದಾಲ್ಚಿನ್ನಿ ಬನ್ನಿನ ಪೊಟ್ಟಣ ಹಿಡಿದು ಬಂದ. ಬೇಲಿ ಹಾರಿ ಸಿಕ್ಕಿಬಿದ್ದ ಹೋತದ ಮುಖ.

"ಸೋಲ್ವಿ, ಮೊನ್ನೆ ಸಭೇಲಿ..."

"ಮಾಸ್ಕ್ ಹಾಕು."

"ನಾನು ಏನ್ ಹೇಳ್ಬೇಕು ಅಂದ್ರೆ..."

"ಹಾಕು ಅಂದೆ."

ಹಾಕಿಕೊಂಡ. ಅವಳು ಯಂತ್ರ ಹಚ್ಚಿದಳು. ಮೂಗಿನ ಮಾಸ್ಕು ಹಾಕಿಕೊಂಡು ಬಾಯಿ ತೆರೆದರೆ ಗಾಳಿಯೆಲ್ಲ ಭರ್ರೆಂದು ಬಾಯಿಂದ ಹೊರಡುತ್ತದೆ, ಒಂದಕ್ಷರ ಆಡಲಾಗುವುದಿಲ್ಲ. ಇದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಆಗ ಸೋಲ್ವಿ ಬಾಯಿ ತೆರೆದಳು.

"ನಿನ್ನ ಗೊರಕೆ ವಿಷ್ಯ ಹೇಳು ಅಂತ ನಾನು ಕೇಳ್ಲಿಲ್ಲ. ಅದು ನಿನ್ನ ಸ್ವಂತದ್ದು, ಹೂತಿಟ್ಕೋ. ಗುನ್ವೋರ್ ವಿಷ್ಯ ಊರಿಗೇ ಗೊತ್ತು, ಅದನ್ನ ಹೇಳ್ಬಹುದಿತ್ತು. ಆಚೆ ಸಾಲಲ್ಲಿ ಕಾಯ್ತಿರೋರನ್ನ ದಿನಾ ದಾಟ್ಕೊಂಡು ಬರ್ತೀಯ, ಅದನ್ನ ಹೇಳ್ಬಹುದಿತ್ತು. ನೂರಹದಿನೆಂಟು ಕಿಲೋ ಗಂಡ್ಸು, ಕಾಫಿ ಲೋಟದ ಹಿಂದೆ ಅಡಗ್ಕೊಂಡ್ಯಲ್ಲೋ!"

ಟೋರ್ಗೈರ್‌ನ ಬಾಯಿಂದ ಭರ್ರೆಂದಿತು.

"ಬಾಯ್ಮುಚ್ಚು, ಗಾಳಿ ಸೋರುತ್ತೆ. ಇಪ್ಪತ್ತು ವರ್ಷ 'ಹಾಕ್ಕೋ, ಅಭ್ಯಾಸ ಆಗುತ್ತೆ' ಅಂದ್ಯಲ್ಲ, ಅವರೆಲ್ಲ ಎಲ್ಲಿ ಹೋದ್ರು ಅಂತ ಒಂದಿನ ಕೇಳಿದ್ಯಾ? ಆ ಯಂತ್ರಗಳು ಎಷ್ಟು ಮನೆ ಬೀರೂನಲ್ಲಿ ಸ್ಕೀ ಬೂಟಿನ ಪಕ್ಕ ಕೂತಿವೆ, ಗೊತ್ತಾ? ಅವ್ರಿಗೆಲ್ಲ ನಾಚಿಕೆ. ನಿಂಗೂ ನಾಚಿಕೆ. ಆದ್ರೆ ಅವ್ರಿಗೆ ಏಳೂಕಾಲಿಗೆ ಹಿಂಬಾಗಿಲಿಂದ ಬರೋ ಅನುಕೂಲ ಇಲ್ಲ."

ಹೀಗೇ ಹರಿಯಿತು. ಗಾಲಿಕುರ್ಚಿಗಳು ಬಂದವು, ಕಿಟಕಿ ಬಂತು, 'ಜೋಗುಳದವಳು' ಬಂತು, ಹಾಲಿನ ಲಾರಿಯೂ ಬಂತು. ನಾನು ಗೋಡೆಯ ಈಚೆ ಟೆಲಿಫೋನಿನ ಸದ್ದಡಗಿಸಿ ಕೂತಿದ್ದೆ. ಕೊನೆಗೆ ಅವಳಿಗೇ ಉಸಿರು ಕಟ್ಟಿ ನಿಂತಳು, ಗಡಿಯಾರ ನೋಡಿದಳು.

"ಇಪ್ಪತ್ತಾರು ನಿಮಿಷ," ಎಂದಳು, ಬೇರೆಯೇ ದನಿಯಲ್ಲಿ.

ಟೋರ್ಗೈರ್ ಮೂಗು ಮುಟ್ಟಿ ನೋಡಿಕೊಂಡ. ಮಾಸ್ಕು ಅಲ್ಲೇ ಇತ್ತು. ಅದಿದೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಬಿಚ್ಚಿ ಕೇಳಿದ: "ಇದು ಚಿಕಿತ್ಸೆನಾ, ಬೈಗುಳಾನಾ?"

"ಬೈಗುಳ. ತಪ್ಪು ನಂದೇ. ರೋಗೀನ ಹೀಗೆ ಬೈಬಾರ್ದು. ಬೇರೆ ಊರಲ್ಲಿ ಒಬ್ಬಳಿದಾಳೆ, ಅವಳ ಹತ್ರ ಕಳಿಸ್ತೀನಿ."

"ಅವಳು ಬೈತಾಳಾ?"

"ಇಲ್ಲ. ಒಳ್ಳೇವ್ಳು."

"ಹಾಗಾದ್ರೆ ಬೇಡ."

ಅಂದಿನ ದಾಖಲೆಯಲ್ಲಿ ಅವಳು ಇದ್ದದ್ದನ್ನು ಇದ್ದಂತೆ ಬರೆದಳು: 'ಚಿಕಿತ್ಸಕಿ ಸಿಟ್ಟಾಗಿದ್ದಳು. ರೋಗಿ ಇಪ್ಪತ್ತಾರು ನಿಮಿಷ ಮಾಸ್ಕು ಧರಿಸಿದ.' ಹತ್ತೊಂಬತ್ತು ವರ್ಷದಲ್ಲಿ ಇಷ್ಟು ಪ್ರಾಮಾಣಿಕವಾದ ದಾಖಲೆಯನ್ನು ನಾನು ನೋಡಿಲ್ಲ.

ಆ ವಾರ ಅವನು ಮಾಸ್ಕು ಹಾಕಿಕೊಂಡು ನಾಲ್ಕು ಗಂಟೆ ಮಲಗಿದ. ಕ್ರಿಸ್ಮಸ್ ಹೊತ್ತಿಗೆ ಆರು. ಹೆಂಡತಿ ರಾಗ್ನಾ ಅವನನ್ನು ದೋಣಿಮನೆಯಿಂದ ಒಳಗೆ ಕರೆದುಕೊಂಡಳು. ಕಣ್ಣಿನ ಕೆಳಗಿನ ಚೀಲಗಳು ಇಳಿದವು, ಮಾತಿನ ಒರಟು ಮಾತ್ರ ಹಾಗೇ ಉಳಿಯಿತು. ಅದು ಕಾಯಿಲೆಯಲ್ಲ, ಹುಟ್ಟುಗುಣ.

ಆದರೂ ಸೋಲ್ವಿ ಹೊಸ ವರ್ಷಕ್ಕೆ ಹೋದಳು. ಟೋರ್ಗೈರ್ ನಿರ್ದೇಶಕಿಗೆ ಬರೆದ ಪತ್ರ ನಾನೇ ಟೈಪು ಮಾಡಿದ್ದು. ಅಳುಕಿನಿಂದ ಬರೆದದ್ದು, ಎತ್ತಲೂ ತಾಗಲಿಲ್ಲ. ಅವಳು ಕಡಲ ನಡುವೆ ತೈಲ ತೆಗೆಯುವ ವೇದಿಕೆಗಳಲ್ಲಿ ಪಾಳಿ ದುಡಿಯುವವರಿಗೆ ನಿದ್ದೆಯ ಪಾಠ ಹೇಳುವ ಕೆಲಸ ಹಿಡಿದಳು. ಕೋಣೆಗೆ ಗಾಲಿಕುರ್ಚಿಗಳು ಮರಳಿ ಬಂದವು.

ಮಾರ್ಚಿನಲ್ಲಿ ವಿಭಾಗದವರೆಲ್ಲ ಬೆಟ್ಟದ ಮೇಲಿನ ಮರದ ಗುಡಿಸಲಿಗೆ ಹೋಗುವುದು ರೂಢಿ. ಟೋರ್ಗೈರ್ ಕೆಲವು ವರ್ಷದಿಂದ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಆ ಸಲ ಬಂದ. ಹಗಲೆಲ್ಲ ಹಿಮದ ಮೇಲೆ ಸ್ಕೀ ಮಾಡಿ, ರಾತ್ರಿ ಸೂಪು ಕುಡಿದು, ಕಿತ್ತಳೆ ಸುಲಿದು ತಿಂದು ಎಲ್ಲರೂ ಒಂದೇ ಕೋಣೆಯ ಅಟ್ಟಣಿಗೆ ಮಂಚಗಳಲ್ಲಿ ಮೈ ಚಾಚಿದೆವು. ಟೋರ್ಗೈರ್ ಚೀಲದಿಂದ ಯಂತ್ರ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಕಿವಿ ಕೆಂಪಾಗಿತ್ತು.

"ನೋಡೋದಿದ್ರೆ ಈಗ್ಲೇ ನೋಡ್ಕೊಳ್ಳಿ," ಅಂದ. "ಮೂರು ತಿಂಗಳಾಯ್ತು. ಜೋಗುಳ... ಸೋಲ್ವಿ ಕಲಿಸಿದ್ದು. ನವೆಂಬರಲ್ಲಿ ಅವಳ ಪರವಾಗಿ ನಾನು ಮಾತಾಡ್ಲಿಲ್ಲ. ಹೇಡಿತನ ಅದು."

ಮಾಸ್ಕು ಹಾಕಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. ಆಮೇಲೆ ಮೇಲಿನ ಮಂಚದಿಂದ ಒಬ್ಬ ನರ್ಸು ಮೆಲ್ಲಗೆ, "ನನ್ನ ಗಂಡಂದೂ ಬೀರೂನಲ್ಲಿದೆ," ಅಂದಳು. ಪಕ್ಕದಿಂದ ಇನ್ನೊಬ್ಬಳು, "ನಂದೇ ಬೀರೂನಲ್ಲಿದೆ," ಅಂದಳು.

ಸೋಮವಾರ ಅವನು ನನ್ನನ್ನು ಕೂರಿಸಿಕೊಂಡು ಹಳೆಯ ರೋಗಿಗಳಿಗೆಲ್ಲ ಫೋನ್ ಮಾಡಿಸಿದ. ಮೂರು ವಾರ ಹಿಡಿಯಿತು. ಅರ್ಧಕ್ಕರ್ಧ ಯಂತ್ರಗಳು ಧೂಳು ತಿನ್ನುತ್ತಿದ್ದವು. ಆ ಪಟ್ಟಿ ಹಿಡಿದು ನಿರ್ದೇಶಕಿಯ ಕೋಣೆಗೆ ಹೋದ. ಪಟ್ಟಿಯ ಮೊದಲ ಹೆಸರು ತನ್ನದೇ ಹಾಕಿಕೊಂಡಿದ್ದ. ಅಲ್ಲಿ ಏನು ನಡೆಯಿತೋ, ಆ ಕಹಳೆ ದನಿ ಮೂರನೆಯ ಮಹಡಿಯಿಂದ ನನಗೆ ಕೇಳಿತು. ಏಪ್ರಿಲಿನಲ್ಲಿ ಹುದ್ದೆ ಮತ್ತೆ ಹುಟ್ಟಿತು, ಈ ಸಲ ಕಾಯಂ.

ಸೋಲ್ವಿಗೆ ಅವನೇ ಫೋನ್ ಮಾಡಿದ, ನನ್ನ ಮೇಜಿನಿಂದ.

"ವಾಪಸ್ ಬಾ."

"ಕಿಟಕಿ ಇದ್ಯಾ?"

"ನನ್ನ ಕೋಣೇಲಿ ಎರಡಿವೆ."

"ಹಾಗಾದ್ರೆ ನಿನ್ನ ಕೋಣೆ ಕೊಡು."

ಟೋರ್ಗೈರ್ ರಿಸೀವರನ್ನು ಎದೆಗೊತ್ತಿಕೊಂಡು ನನ್ನ ಕಡೆ ನೋಡಿದ. ನಾನು ಭುಜ ಕುಣಿಸಿದೆ. "ಸರಿ, ತಗೋ," ಅಂದ. ಅವಳು ಆ ಕಡೆಯಿಂದ ಏನಂದಳೋ, ಅವನು ಗೊಳ್ಳೆಂದು ನಕ್ಕ.

ಮೇ ತಿಂಗಳಲ್ಲಿ ಅವಳು ಎರಡು ಕಿಟಕಿಯ ಕೋಣೆಯಲ್ಲಿ, ನೆಟ್ಟಗೆ ನಿಲ್ಲುವ ಕುರ್ಚಿಗಳ ನಡುವೆ ಕೆಲಸ ಶುರುಮಾಡಿದಳು. ಬೀರೂಗಳಿಂದ ಯಂತ್ರಗಳು ಹೊರಬಂದವು. ಎಲ್ಲರೂ ಗುಣವಾದರು ಎಂದರೆ ಸುಳ್ಳಾಗುತ್ತದೆ. ಒಬ್ಬ ಮೀನುಗಾರ ಮಾಸ್ಕನ್ನು ಸಮುದ್ರಕ್ಕೇ ಎಸೆದು ಬಂದು, ತಾನು ಎಸೆದಿದ್ದೇನೆ ಎಂದು ಖುದ್ದಾಗಿ ತಿಳಿಸಿ ಹೋದ.

ಜೂನ್ ಮೊದಲ ವಾರ ರಾಗ್ನಾ ದಡದಡನೆ ಒಳಗೆ ಬಂದಳು, ಕಣ್ಣು ಕೆಂಡದಂತೆ. ಕಾಯುತ್ತಿದ್ದವರೆಲ್ಲ ತಲೆಯೆತ್ತಿದರು.

"ಬೋರ್ಗ್ನಿ, ಸೋಲ್ವಿ ಹತ್ರ ನನ್ನ ಹೆಸರು ಬರ್ಕೋ. ಇಪ್ಪತ್ತೆಂಟು ವರ್ಷ ಆ ಗೊರಕೆ ಕೇಳ್ಕೊಂಡೇ ಮಲಗಿದೀನಿ, ದೋಣಿಮನೆಗೆ ಓಡ್ಸಿದ್ಮೇಲೂ ಗೋಡೆ ದಾಟಿ ಕೇಳ್ತಿತ್ತು. ಈಗ ಹೆಣದಂಗೆ ಸದ್ದಿಲ್ದೆ ಬಿದ್ದಿರ್ತಾನೆ. ಉಸಿರಾಡ್ತಿದಾನಾ ಅಂತ ನೋಡ್ಕೊಂಡು ಕೂರೋದ್ರಲ್ಲೇ ಬೆಳಗಾಗುತ್ತೆ!"

"ಹನ್ನೊಂದು ವಾರ ಕಾಯ್ಬೇಕು," ಅಂದೆ.

"ನಾನು ಮುಖ್ಯಸ್ಥನ ಹೆಂಡ್ತಿ ಕಣೇ!"

"ಗೊತ್ತು. ಹನ್ನೊಂದು ವಾರ."

ಬೈದಳು. ಕಾದಳು.