ಬಂಗಾರಮ್ಮನ ಬಾಗಿಲು

ಶರಾವತಿಯ ಹಿನ್ನೀರು ಗುಡಿಸಲನ್ನು ನುಂಗಿದ ಮೇಲೆ ಬಂಗಾರಮ್ಮ ನಾಲ್ಕು ತಿಂಗಳಿಂದ ಸಾಗರದ ಸಂತೆಕಟ್ಟೆಯ ಮೇಲಿದ್ದಳು. ಅಂದು ಮಾತ್ರ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಮುಳುಗಡೆಯವರಿಗೆ ಜಾಗ ಕೊಡುವ ಪಟ್ಟಿ ಸಂಜೆ ಐದಕ್ಕೆ ಮುಗಿಯುತ್ತಿತ್ತು. ಗುಡಿಸಲಿದ್ದದ್ದು ಜಮೀನ್ದಾರರ ನೆಲದಲ್ಲಿ. ಅಲ್ಲಿ ಬದುಕಿದ್ದಕ್ಕೆ ಅವಳ ಕೈಯಲ್ಲಿ ಒಂದು ಚೂರು ಕಾಗದವಿರಲಿಲ್ಲ.

ಸಂತೆಯ ಹಿಂದಿನ ದಿನ ಕಟ್ಟೆ ತೆರವು ಮಾಡಿಸುವುದು ಪುರಸಭೆಯ ಧರ್ಮಪ್ಪನ ಕೆಲಸ.

"ಬಂಗಾರಕ್ಕಾ, ಗಂಟು ಕಟ್ಟು."

"ಬಿಚ್ಚಿದ್ರಲ್ವಾ ಅಯ್ಯಾ ಕಟ್ಟೋದು?"

ಧರ್ಮಪ್ಪ ನಕ್ಕ. ಗಾಳಿಗೆ ಅಡ್ಡ ನಿಲ್ಲಿಸಿದ್ದ, ತಾನು ಈತನಕ ಗಮನಿಸದ ಹಲಗೆಯನ್ನು ಮುಟ್ಟಿ, "ಇದೆಂತ?" ಎಂದ.

"ನಮ್ಮನೆ ಬಾಗ್ಲು. ನೀರು ಹೊಸ್ತಿಲಿಗೆ ಬಂದಾಗ ಕಿತ್ಕಂಡು ಬಂದೆ."

ಭೂಮಿ ಹುಣ್ಣಿಮೆ ಹಬ್ಬಕ್ಕೆ ಗೋಡೆಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುವುದು ಅವರ ಮನೆತನದ ವಾಡಿಕೆ. ಗೋಡೆಯಿಲ್ಲದವಳು ಈ ಸಲ ಬಾಗಿಲಿಗೇ ಕೆಮ್ಮಣ್ಣು ಬಳಿದು ಬರೆದಿದ್ದಳು. ಮಣ್ಣು ಉದುರಿದ ಮೂಲೆಯಲ್ಲಿ ಕಪ್ಪು ಬಣ್ಣದ ಅಕ್ಷರ ಇಣುಕುತ್ತಿತ್ತು.

"ಅಡೀಲಿ ಎಂತದು?"

"ಮಲೇರಿಯಾದವ್ರು ಮದ್ದು ಹೊಡ್ದಾಗೆಲ್ಲ ಗೀಚ್ತಿದ್ರು. ಅಸಹ್ಯ ಕಾಣ್ತಿತ್ತು, ಮುಚ್ದೆ."

"ಅಯ್ಯೋ ಮಾರಾಯ್ತಿ! ಊರು, ಮನೆ ನಂಬರು, ತಾರೀಖು ಎಲ್ಲಾ ಬರೀತಾರೆ ಅವ್ರು. ಅದೇ ನಿನ್ನ ಕಾಗ್ದ. ತೊಳಿ, ತೊಳಿ!"

ಬಂಗಾರಮ್ಮನ ಕೈ ಏಳಲಿಲ್ಲ. ಅವ್ವ ಕಲಿಸಿದ ಚಿತ್ತಾರ. ಮನೆಯೆಂದು ಉಳಿದಿದ್ದೇ ಅದು. ದೂರದಲ್ಲಿ ಗಂಟೆ ನಾಲ್ಕು ಹೊಡೆದದ್ದು ಕೇಳಿಸಿತು. ಕೊಡವೆತ್ತಿ ತಾನೇ ಸುರಿದು, ತೆಂಗಿನ ನಾರಿನಿಂದ ಗಸಗಸ ಉಜ್ಜಿದಳು. ಕೆಂಪು ನೀರು ಕಟ್ಟೆಯಿಳಿದು ಹರಿಯಿತು. ಊರ ಹೆಸರು, ಹದಿನಾಲ್ಕನೇ ನಂಬರು, ಮೂರು ವರ್ಷದ ತಾರೀಖುಗಳು ಒಂದರ ಕೆಳಗೊಂದು ಎದ್ದವು.

ಧರ್ಮಪ್ಪ ಬಾಗಿಲಿನ ಒಂದು ತುದಿಗೆ ಹೆಗಲು ಕೊಟ್ಟ.

"ನೀವ್ಯಾಕೆ ಹೊರ್ತೀರಿ? ಎಬ್ಬಿಸೋರಲ್ವಾ ನೀವು?"

"ಎಬ್ಬಿಸಿದವ್ನೇ ಕೂರಿಸ್ಲೂ ಬೇಕು. ಬೇಗ ನಡಿ."

ಪಟ್ಟಿ ಬರೆಯುವ ಕಚೇರಿಯ ಗುಮಾಸ್ತರು ಕನ್ನಡಕ ತೆಗೆದರು. "ಬಾಗಿಲನ್ನ ಫೈಲಿಗೆ ಹ್ಯಾಗ್ರೀ ಹಾಕ್ಲಿ?"

"ನೀವು ಹೊರಗೆ ಬಂದು ಓದಿ ಸ್ವಾಮಿ. ಮಹಜರು ನಾನು ಬರೀತೀನಿ, ಕಂಡವ್ರು ಇಬ್ರು ರುಜು ಹಾಕ್ತಾರೆ" ಎಂದ ಧರ್ಮಪ್ಪ.

ಗುಮಾಸ್ತರು ಬಂದರು, ಅಕ್ಷರವನ್ನು ಉಗುರಿನಿಂದ ಕೆರೆದು ನೋಡಿದರು. ಬಣ್ಣ ಹಳೆಯದೇ. ಗಂಟೆ ಐದಾಗುವುದಕ್ಕೆ ಮೊದಲು ಬಂಗಾರಮ್ಮನ ಹೆಸರು ಪಟ್ಟಿ ಸೇರಿತು.

"ಜಾಗ ಎಲ್ಲಿ?" ಎಂದಳು.

"ಹೊಸನಗರದ ದಾರೀಲಿ, ಮೂರು ಮೈಲಿ. ಅಳೆದು ಕೊಡೋಕೆ ಇನ್ನೂ ತಿಂಗಳು ಬೇಕು" ಎಂದರು ಗುಮಾಸ್ತರು.

ಅವಳು ಆಗಲೇ ಬಾಗಿಲನ್ನು ತಲೆಗೇರಿಸಿ ಮೆಟ್ಟಿಲಿಳಿಯುತ್ತಿದ್ದಳು.

"ಎಲ್ಲಿಗೆ ಹೊಂಟೆ ಬಂಗಾರಕ್ಕಾ?" ಧರ್ಮಪ್ಪ ಕೂಗಿದ.

"ಅಳೀಲಿ ಅಯ್ಯಾ, ಬೇಡ ಅಂದ್ನಾ? ನಾ ಆ ಜಾಗ್ದಲ್ಲೇ ಇರ್ತೀನಿ, ನನ್ನ ಹುಡುಕೋ ಕೆಲಸ ತಪ್ತದೆ."