ನರ್ಸಿಗೊಂದು ಬಾಗಿಲು

ಐನ್ ಬಹಾದುರ್ ರೋಕಾಯಾ ನೇಪಾಲಗಂಜಿನ ಹೋಟೆಲಿನಲ್ಲಿ ನಡೆದ ತರಬೇತಿಯಲ್ಲಿ ಹೊತ್ತು ಹೊತ್ತಿಗೂ ಕೋಳಿ ತಿಂದು, ತಣ್ಣನೆಯ ಕೋಣೆಯಲ್ಲಿ ಕೂತು, ಬೆಟ್ಟದ ಹಳ್ಳಿಗಳಲ್ಲಿ ಡಾಕ್ಟರು ನರ್ಸುಗಳು ಏಕೆ ನಿಲ್ಲುವುದಿಲ್ಲ ಎಂಬುದನ್ನು ಪೂರ್ತಿ ಅರಗಿಸಿಕೊಂಡು ಊರಿಗೆ ಬಂದ. ಧುಂಗ್ರಾಚೌರದ ವಾರ್ಡ್ ಅಧ್ಯಕ್ಷನಾದವನು ಇಷ್ಟಾದರೂ ತಿಳಿದಿರಬೇಡವೇ? ಹೆಗಲಿಗೆ ಅಲ್ಲಿ ಕೊಟ್ಟ ಹೊಸ ಚೀಲ, ಮುಖದ ತುಂಬ ಹೊಸ ಜ್ಞಾನ. ಸೊಸೆ ಜಸುಕಲಾ ಫಾಪರ್ ರೊಟ್ಟಿ ಬಡಿಸುತ್ತಿದ್ದಾಗ ಆ ಜ್ಞಾನ ತಡೆಯಲಾರದೆ ಹೊರಬಂತು.

"ನೋಡಮ್ಮ, ಬಂದೋರಿಗೆ ಸ್ವಾಗತ ಅನ್ನಿಸ್ಬೇಕಂತೆ. ಹಂಗನ್ನಿಸಿದ್ರೆ ಯಾರೂ ಬಿಟ್ಟು ಹೋಗಲ್ವಂತೆ. ದೊಡ್ಡ ದೊಡ್ಡೋರೇ ಹೇಳಿದ್ರು."

"ಹಾಗಾದ್ರೆ ಸಿಸ್ಟರ್ ಮನೆಗೆ ಒಂದು ಬಾಗಿಲು ಹಾಕ್ಸಿ ಮಾವ."

"ಬಾಗಿಲಾ?" ಅಧ್ಯಕ್ಷ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದ. "ಬಾಗಿಲಿನ ಮಾತು ಅಲ್ಲಿ ಯಾರೂ ಎತ್ತಲೇ ಇಲ್ಲವಲ್ಲ!"

ಜಸುಕಲಾ ಇನ್ನೊಂದು ರೊಟ್ಟಿ ಬಡಿಸಿದಳು. ಅವಳಿಗೆ ಎಂಟು ತಿಂಗಳು ತುಂಬುತ್ತಿತ್ತು. ಹಿಂದಿನ ಎರಡು ಮಕ್ಕಳನ್ನು ಅವಳು ಹೆತ್ತದ್ದು ದನದ ಕೊಟ್ಟಿಗೆಯಲ್ಲಿ, ಅತ್ತೆಯ ಕೈಗೆ. ಎರಡೂ ಅಳಲಿಲ್ಲ. ಗಂಡ ಗಡಿಯಾಚೆ ನೈನಿತಾಲಿನಲ್ಲಿ ಮೂಟೆ ಹೊರುತ್ತಿದ್ದ, ಹೆರಿಗೆಯ ವಿಷಯದಲ್ಲಿ ಅವನಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಈ ಸಲ ಅವಳಿಗಿದ್ದ ಧೈರ್ಯವೆಂದರೆ ಸುಖ್ಮನಿ ಸಿಸ್ಟರ್. ಬಯಲುಸೀಮೆಯ ಥಾರು ಹುಡುಗಿ, ಚಳಿಗೆ ಮೂಗು ಸೋರಿಸಿಕೊಂಡೇ ಊರೂರು ತಿರುಗುವವಳು. "ಈ ಮಗು ನನ್ನ ಕೈಯಲ್ಲಿ ಅತ್ತೇ ಅಳುತ್ತೆ ದಿದಿ. ಅಳದಿದ್ರೆ ನಾನೇ ಬೈದು ಅಳಿಸ್ತೀನಿ" ಎಂದಿದ್ದಳು. ಅವಳು ಇನ್ನೊಂದು ತಿಂಗಳು ಊರಲ್ಲಿ ನಿಂತರೆ ಸಾಕು ಎಂದು ಜಸುಕಲಾ ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದಳು.

ಸಿಸ್ಟರ್ ಮನೆಗೆ ಬಾಗಿಲಿಲ್ಲದ್ದಕ್ಕೂ ಒಂದು ಇತಿಹಾಸವಿತ್ತು. ಅವಳಿಗಿಂತ ಮೊದಲು ಇದ್ದ ಮಹಾಶಯ ಮಾಘದ ಚಳಿಯಲ್ಲಿ ಅದನ್ನು ಒಡೆದು ಒಲೆಗೆ ಹಾಕಿ, ಮೈ ಕಾಯಿಸಿಕೊಂಡು, ಹಿಮ ಕರಗುತ್ತಲೇ ವರ್ಗ ಮಾಡಿಸಿಕೊಂಡು ಇಳಿದುಹೋಗಿದ್ದ. ಅವನಿಗೂ ಊರವರು ಹಾರ ಹಾಕಿ, ಹೋತ ಕಡಿದು ಕಳಿಸಿಕೊಟ್ಟಿದ್ದರು. ಬಿಟ್ಟು ಹೋಗುವವರನ್ನು ಕಳಿಸಿಕೊಡುವುದರಲ್ಲಿ ಧುಂಗ್ರಾಚೌರಕ್ಕೆ ಸರಿಸಾಟಿಯಿರಲಿಲ್ಲ. ಸುಖ್ಮನಿ ಬಾಗಿಲಿದ್ದ ಜಾಗಕ್ಕೆ ಕಂಬಳಿ ಕಟ್ಟಿಕೊಂಡಳು. ಸಂಜೆಯಾದರೆ ಸಾಕು, ರಕ್ಸಿ ಕುಡಿದವರೆಲ್ಲ ಆ ಕಂಬಳಿ ಎತ್ತಿ, ತಲೆನೋವಿಗೆ ಗುಳಿಗೆ ಬೇಕೆಂದು ಹಲ್ಲು ಕಿರಿಯುತ್ತಿದ್ದರು. ಊರ ಗಂಡಸರಿಗೆ ಅಷ್ಟೊಂದು ತಲೆನೋವಿದೆಯೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

ಅಧ್ಯಕ್ಷ ಸಮಿತಿ ಕರೆದ. ನರ್ಸನ್ನು ಉಳಿಸಿಕೊಳ್ಳುವ ಸಮಿತಿ. ಅದರಲ್ಲಿ ನರ್ಸ್ ಇರಲಿಲ್ಲ. ಕ್ವಾರ್ಟರ್ಸ್ ರಿಪೇರಿಗೆ ಬಂದಿದ್ದ ಹಣದಲ್ಲಿ ಊರ ಮುಂದೆ ಸ್ವಾಗತ ದ್ವಾರ ಕಟ್ಟುವುದೆಂದು ಒಮ್ಮತದಿಂದ ತೀರ್ಮಾನವಾಯಿತು. ಬಂದವರಿಗೆ ಸ್ವಾಗತ ಅನ್ನಿಸಬೇಕೆಂದರೆ ಸ್ವಾಗತವೆಂದು ಬರೆಯಿಸುವುದಕ್ಕಿಂತ ಮಿಗಿಲಾದದ್ದು ಏನಿದೆ? ಹೆಂಗಸರು ಹೊಳೆಯಿಂದ ಮರಳು ಹೊತ್ತರು, ಹೇಸರಗತ್ತೆಗಳು ಸಿಮೆಂಟು ಹೊತ್ತವು. ಎರಡು ದಪ್ಪ ಕಂಬ, ಮೇಲೊಂದು ಕಮಾನು, ಕಮಾನಿನ ಮೇಲೆ ಗುಲಾಬಿ ಬಣ್ಣ, ಅದರ ಮೇಲೆ ಅಧ್ಯಕ್ಷನ ಹೆಸರು. ಸ್ವಾಗತ ಎಂಬ ಮಾತು ಹೆಸರಿಗಿಂತ ಚಿಕ್ಕದಾಗಿತ್ತು.

ಉದ್ಘಾಟನೆಯ ದಿನ ಸುಖ್ಮನಿಯ ಕೈಯಲ್ಲೇ ಅಧ್ಯಕ್ಷನಿಗೆ ಹಾರ ಹಾಕಿಸಿದರು.

"ಹೇಗನ್ನಿಸ್ತಿದೆ ಸಿಸ್ಟರ್?" ಎಂದ ಅಧ್ಯಕ್ಷ, ಹಾರದೊಳಗಿಂದ ಇಣುಕಿ.

"ಇದಕ್ಕೂ ಬಾಗಿಲಿಲ್ಲ" ಎಂದಳು ಅವಳು.

ಸುತ್ತಲಿದ್ದವರು ಒಳ್ಳೆಯ ತಮಾಷೆಯೆಂದು ನಕ್ಕರು. ಜಸುಕಲಾ ಮಾತ್ರ ನಗಲಿಲ್ಲ. ಬೇಸತ್ತವರು ಹೀಗೆ ಚುಟುಕಾಗಿ ಮಾತಾಡುವುದು ಅವಳಿಗೆ ಗೊತ್ತಿತ್ತು.

ಅದೇ ಸಂಜೆ ಉದ್ಘಾಟನೆಯ ರಕ್ಸಿ ತಲೆಗೇರಿ, ಉಳಿಸಿಕೊಳ್ಳುವ ಸಮಿತಿಯ ಸದಸ್ಯನೊಬ್ಬ ಕಂಬಳಿ ಎತ್ತಿ ಒಳಗೇ ಹೋದ. ಸುಖ್ಮನಿ ಕುದಿಯುವ ಬೇಳೆಯನ್ನು ಅವನ ಕಾಲ ಮೇಲೆ ಸುರಿದಳು. ಬೆಳಗ್ಗೆ ಅವನ ಸುಟ್ಟ ಕಾಲಿಗೆ ತಾನೇ ಮುಲಾಮು ಹಚ್ಚಿ, ಕೈತೊಳೆದು, ಪೆಟ್ಟಿಗೆಗೆ ಬಟ್ಟೆ ತುಂಬತೊಡಗಿದಳು. ಕೆಳಗಿನ ಬಜಾರಿನ ಆಸ್ಪತ್ರೆಯವರು ಎಂದಿನಿಂದಲೋ ಕರೆಯುತ್ತಿದ್ದರು. ಇಷ್ಟು ದಿನ ಆಮೇಲೆ ಎನ್ನುತ್ತಿದ್ದವಳು ಈಗ ನಾಳೆಯೇ ಬರುತ್ತೇನೆಂದು ಫೋನು ಮಾಡಿದಳು.

ಸುದ್ದಿ ಕಿವಿಗೆ ಬಿದ್ದಾಗ ಜಸುಕಲಾ ಅಂಗಳ ಸಾರಿಸುತ್ತಿದ್ದಳು. ಸೆಗಣಿಯ ಕೈಯನ್ನು ತೊಳೆದು ಒಳಗೆ ಹೋದಳು. ಮಾವ ಸಮಿತಿಯವರ ಜೊತೆ ಮಾಳಿಗೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಅವನ ಕೋಣೆಯ ಬಾಗಿಲು ವಾಲ್ನಟ್ ಮರದ್ದು, ಮರದ ಗೂಟದ ಮೇಲೆ ತಿರುಗುವಂಥದ್ದು. ಮೇಲಕ್ಕೆತ್ತಿದರೆ ಕಿತ್ತುಬರುತ್ತದೆ. ಎತ್ತಿದಳು. ಹಗ್ಗ ಬಿಗಿದು, ಹೊರೆ ಹೊರುವ ನಾಮ್ಲೋ ಪಟ್ಟಿಯನ್ನು ಹಣೆಗೆ ಏರಿಸಿ, ಹೊಟ್ಟೆ ಮುಂದೆ, ಬಾಗಿಲು ಹಿಂದೆ ಮಾಡಿಕೊಂಡು ಊರ ನಡುವೆಯೇ ನಡೆದಳು. ಕಂಡವರು ಬಾಯಿ ಬಿಟ್ಟುಕೊಂಡು ನಿಂತರೇ ಹೊರತು ಒಬ್ಬನೂ ಕೈ ಜೋಡಿಸಲಿಲ್ಲ.

"ನಿಂಗೆ ತಲೆ ಕೆಟ್ಟಿದೆಯಾ ದಿದಿ! ಇಳಿಸು, ಮೊದಲು ಇಳಿಸು!" ಎಂದು ಸುಖ್ಮನಿ ಕೂಗಿದಳು. ಆಮೇಲೆ ಬಾಗಿಲನ್ನೂ ಜಸುಕಲಾಳನ್ನೂ ನೋಡಿ ಅತ್ತುಬಿಟ್ಟಳು. ಇಬ್ಬರೂ ಸೇರಿ ಅದನ್ನು ಚೌಕಟ್ಟಿಗೆ ಆನಿಸಿದರು. ಸರಿಯಾಗಿ ಕೂರದಿದ್ದರೂ ಒಳಗಿನಿಂದ ಕೋಲು ಕೊಟ್ಟರೆ ನಿಲ್ಲುತ್ತಿತ್ತು. ಸುಖ್ಮನಿ ಒಳಗೆ ನಿಂತು ಕೋಲು ಕೊಟ್ಟಳು, ತೆಗೆದಳು, ಮತ್ತೆ ಕೊಟ್ಟಳು. "ಇದು ಇರೋದಾದ್ರೆ ನಿನ್ನ ಹೆರಿಗೆ ತನಕ ಇರ್ತೀನಿ ದಿದಿ" ಎಂದಳು. ಜಸುಕಲಾ ನೆಲಕ್ಕೆ ಕುಸಿದು ಕೂತು ಹಗುರಾಗಿ ನಕ್ಕಳು.

ಅಷ್ಟರಲ್ಲಿ ಅಧ್ಯಕ್ಷ ಓಡೋಡಿ ಬಂದ, ಹಿಂದೆ ಸಮಿತಿ.

"ಯಾವ ಸೊಸೆನಾದ್ರೂ ಮಾವನ ಬಾಗಿಲು ಕಿತ್ಕೊಂಡು ಬರ್ತಾಳೇನೇ? ಬಾಗಿಲಿಲ್ಲದ ಕೋಣೇಲಿ ನಾನು ಹೇಗೆ ಮಲಗ್ಲಿ?"

"ನಾನು ಮಲಗಿಲ್ವಾ ಅಧ್ಯಕ್ಷರೇ?" ಎಂದಳು ಸುಖ್ಮನಿ. "ನೀವು ಗಂಡಸರು. ನಿಮ್ಮ ಕಂಬಳಿ ಎತ್ತಿ ಗುಳಿಗೆ ಕೇಳೋರು ಯಾರೂ ಬರಲ್ಲ."

ಯಾರೋ ಹೆಂಗಸು ಹಿಂದಿನಿಂದ ಕಿಸಕ್ಕೆಂದಳು. ಅಲ್ಲಿಯವರೆಗೆ ಅಧ್ಯಕ್ಷ ಬಾಗಿಲು ಬಿಟ್ಟುಕೊಡುತ್ತಿದ್ದನೋ ಏನೋ, ಆ ನಗು ಕೇಳಿ ಅವನ ಕಿವಿ ಕೆಂಪಾಯಿತು. "ಸರ್ಕಾರಿ ನೌಕರಿಯವಳು ಸರ್ಕಾರಕ್ಕೆ ಬರೀಲಿ. ನಮ್ಮಪ್ಪ ಮಾಡಿಸಿದ ಬಾಗಿಲು ಇದು" ಎಂದು ಇಬ್ಬರಿಂದ ಹೊರಿಸಿಕೊಂಡು ಹೋದ. ಊರಿನ ಮರ್ಯಾದೆ ಉಳಿಯಿತು. ನರ್ಸ್ ಉಳಿಯಲಿಲ್ಲ.

ಮರುದಿನ ದ್ವಾರದ ಕೆಳಗೆ ಬೀಳ್ಕೊಡುಗೆ. ಡೋಲು, ಟೀಕಾ, ಹಾರ, ಎಲ್ಲವೂ ಅಚ್ಚುಕಟ್ಟು. ಸುಟ್ಟ ಕಾಲಿನವನೂ ಕುಂಟುತ್ತ ಬಂದು ಹಾರ ಹಾಕಿದ. ಇಷ್ಟೆಲ್ಲ ಮಾಡಿದರೂ ಓದಿದವರು ಹಳ್ಳಿಯಲ್ಲಿ ನಿಲ್ಲುವುದಿಲ್ಲವೆಂದು ಅಧ್ಯಕ್ಷ ಗದ್ಗದ ಕಂಠದಲ್ಲಿ ಭಾಷಣ ಮಾಡುತ್ತಿದ್ದ. ಆಗ ಜಸುಕಲಾ ಗುಂಪಿನ ನಡುವಿನಿಂದ ಬಂದಳು. ಬೆನ್ನಿಗೆ ಬುಟ್ಟಿ, ಬುಟ್ಟಿಯಲ್ಲಿ ಕಂಬಳಿ, ಮಾರ್ಸಿ ಅಕ್ಕಿ, ಹಳೆಯ ಬಟ್ಟೆಯ ಚೂರುಗಳು.

"ಎಲ್ಲಿಗೆ ಹೊರಟೆ?" ಎಂದ ಮಾವ.

"ಸಿಸ್ಟರ್ ಎಲ್ಲಿಗೋ ಅಲ್ಲಿಗೆ."

"ಈ ಹೊಟ್ಟೆ ಹೊತ್ಕೊಂಡು ಅಷ್ಟು ದೂರ ನಡೀತೀಯಾ?"

"ನಿಧಾನಕ್ಕೆ ನಡೀತೀನಿ."

ಅಧ್ಯಕ್ಷ ಸುತ್ತಲಿದ್ದವರ ಮುಖ ನೋಡಿದ. ಯಾರೂ ಅವನ ಕಡೆ ನೋಡುತ್ತಿರಲಿಲ್ಲ. "ಲೇ, ನಿಲ್ಲೇ! ರೋಕಾಯಾ ಮನೆ ಮೊಮ್ಮಗು ಕಂಡೋರ ಊರಲ್ಲಿ ಹುಟ್ಟೋದಾ?"

"ಹುಟ್ಟಲಿ ಮಾವ. ಹಿಂದಿನ ಎರಡು ನಮ್ಮೂರಲ್ಲೇ ಹುಟ್ಟಿದ್ವು" ಎಂದು ಹೇಳಿ, ಜಸುಕಲಾ ಸಿಸ್ಟರ್ ಹಿಂದೆ ಇಳಿಜಾರು ಹಿಡಿದಳು.