ಎರಡನೇ ಆವೃತ್ತಿಯಲ್ಲೂ ಅದೇ ಡೈಲಾಗ್

ಕಂಪ್ಯೂಟರ್‌ಗೆ ಕೆಲಸ ಹೇಳುವ ಹೊಸದೊಂದು ಭಾಷೆಯನ್ನು ನನ್ನ ಸೋದರತ್ತೆ ಹನ್ನೊಂದು ವರ್ಷ ಕೂತು ಕಟ್ಟಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಅತ್ತೆಗೆ ಮಾತ್ರ ತನ್ನ ಹೆಗ್ಗಣದ ಒಂದೊಂದು ಹುಳುಕೂ ಬಾಯಿಪಾಠವಾಗಿತ್ತು. ಎರಡನೇ ಆವೃತ್ತಿಯಲ್ಲಿ ಎಲ್ಲವನ್ನೂ ತೊಳೆದು ಚೊಕ್ಕ ಮಾಡಿದ್ದಳು.

ತೊಳೆದು ಹೋದದ್ದರಲ್ಲಿ ನನ್ನ ಕಿಡಿಗೇಡಿತನವೂ ಒಂದು. ಅವಳ ಬಳಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಯಾರಾದರೂ ಸೊನ್ನೆಯಿಂದ ಭಾಗಿಸಿದರೆ ‘ತಪ್ಪು ಲೆಕ್ಕ’ ಎಂದು ತೋರಿಸಬೇಕಾದ ಕಡೆ ನಾನೊಂದು ಡೈಲಾಗ್ ತುರುಕಿದ್ದೆ: ‘ಸೊನ್ನೆ ಜೊತೆ ಆಟ ಬೇಡ ಮಗ, ಇದು ನನ್ನ ಏರಿಯಾ.’ ಅತ್ತೆಯ ಕಣ್ಣಿಗೆ ಬೀಳುವಷ್ಟರಲ್ಲಿ ಮೊದಲ ಆವೃತ್ತಿ ಎಲ್ಲೆಡೆ ಹಂಚಿಹೋಗಿತ್ತು.

ಅದನ್ನು ನೆಚ್ಚಿದ ದೊಡ್ಡ ಗಿರಾಕಿ ಒಂದೇ, ಬಾಟಲಿಗೆ ನೀರು ತುಂಬುವ ಕಾರ್ಖಾನೆ. ಅವರು ಹೊಸ ಆವೃತ್ತಿಗೆ ಬಂದರೆ ಉಳಿದ ಕಾರ್ಖಾನೆಗಳೂ ಬರುತ್ತವೆ. ಬಾರದಿದ್ದರೆ ಅತ್ತೆಯ ಭಾಷೆ ಅತ್ತೆಗೆ ಮಾತ್ರ. ಅವರ ಷರತ್ತೂ ಒಂದೇ: ಹಳೆಯ ಇನ್ನೂರ ಹತ್ತು ಪ್ರೋಗ್ರಾಂಗಳು ಒಂದಕ್ಷರವೂ ಬದಲಾಗದೆ ಹೊಸದರಲ್ಲಿ ಓಡಬೇಕು.

ಅವರ ಕಾರ್ಖಾನೆಯಲ್ಲೇ ಪರೀಕ್ಷೆ; ನಾಲ್ಕನೇ ದಿನ ಮಧ್ಯಾಹ್ನ, ನಲವತ್ತೊಂದನೆಯ ಪ್ರೋಗ್ರಾಂ. ಬೆಲ್ಟ್ ಮೇಲೆ ಬಾಟಲಿ ಮುಗಿದವು. ಮಷೀನ್ ನಿಲ್ಲಲಿಲ್ಲ. ನೀರು ಸುರಿಯುತ್ತ ನಮ್ಮ ಚಪ್ಪಲಿಯವರೆಗೆ ಬಂತು. ಕಾರ್ಖಾನೆಯ ಇಂಜಿನಿಯರ್, ನಿವೃತ್ತಿಗೆ ಹತ್ತಿರವಾದ ಹೆಂಗಸು, ನಿಧಾನವಾಗಿ ಹೋಗಿ ಕೀಲಿ ತಿರುಗಿಸಿ ನಿಲ್ಲಿಸಿದರು.

“ಬಾಟಲಿ ಇಲ್ದಿದ್ರೆ ಲೆಕ್ಕ ಸೊನ್ನೆಯಿಂದ ಭಾಗಿಸೋಕೆ ಬರುತ್ತೆ,” ಎಂದರು. “ಆಗ ನಿಮ್ಮ ಭಾಷೆ ಒಂದು ಮಾತು ಹೇಳುತ್ತಲ್ಲ, ಅದು ಕಂಡ ತಕ್ಷಣ ಮಷೀನ್ ನಿಲ್ಲೋ ಹಾಗೆ ಬರ್ದಿದೀವಿ. ಈಗ ಬೇರೆ ಏನೋ ಹೇಳ್ತಿದೆ.”

“ಯಾವ ಮಾತು?” ಎಂದಳು ಅತ್ತೆ.

ಇಂಜಿನಿಯರ್ ಕನ್ನಡಕ ಒರೆಸಿಕೊಂಡು, ಔಷಧಿ ಚೀಟಿ ಓದುವ ದನಿಯಲ್ಲಿ ನನ್ನ ಡೈಲಾಗನ್ನು ಪೂರ್ತಿ ಓದಿದರು. ಅತ್ತೆ ನನ್ನನ್ನು ನೋಡಿದಳು. ನಾನು ನೀರನ್ನು ನೋಡಿದೆ.

“ಅದು ತಮಾಷೆಗೆ ಹಾಕಿದ್ದು ಮೇಡಂ,” ಎಂದೆ.

“ಇರ್ಬಹುದಪ್ಪ. ನಮ್ಮ ಕೈಗೆ ಬಂದಿದ್ದು ಅದೇ ತಾನೆ?”

“ಅದೊಂದನ್ನ ನಿಮ್ಮ ಕಡೆಯೇ ಬದಲಾಯಿಸ್ಕೊಂಡ್ರೆ ಆಗಲ್ವಾ?” ಅತ್ತೆ ಕೇಳಿದಳು.

“ಮೂವತ್ತೆರಡು ಕಡೆ ಇದೆ. ಬರ್ದವರು ಕೆಲಸ ಬಿಟ್ಟು ಹೋದ್ರು. ಒಂದು ಕಡೆ ಮುಟ್ಟಿದ್ರೆ ಮೂರು ವಾರ ಪರೀಕ್ಷೆ. ಆ ತಾಪತ್ರಯಕ್ಕಿಂತ ಹಳೇದ್ರಲ್ಲೇ ಇದ್ಬಿಡ್ತೀವಿ.”

ನನಗೆ ಎದೆ ಉಬ್ಬಿತು. “ಅತ್ತೆ, ಒಂದು ಮಾತು ಹೇಳು, ಎದ್ದು ನಡೆಯೋಣ. ಚೊಕ್ಕ ಮಾಡಿದ್ದನ್ನ ಕೆಡಿಸೋಕೆ ನಾವು ಬಂದಿಲ್ಲ.”

“ಇದು ಕ್ಲೈಮ್ಯಾಕ್ಸ್ ಅಲ್ಲ ಕಣೋ, ನಾಲ್ಕನೇ ದಿನ. ಲ್ಯಾಪ್‌ಟಾಪ್ ತೆಗಿ.”

“ಈ ದರಿದ್ರ ಡೈಲಾಗ್ ಮತ್ತೆ ಹಾಕ್ಲಾ?”

“ಹಾಕು. ಅಲ್ಪವಿರಾಮ ಸಮೇತ.”

ಹಾಕಿದೆ. ಮೊದಲ ಸಲ ಬರೆದಾಗ ಒಬ್ಬನೇ ಬಿದ್ದು ಬಿದ್ದು ನಕ್ಕಿದ್ದೆ. ಈಗ ಅಕ್ಷರ ತಪ್ಪಿದೆಯೇ ಎಂದು ಮೂರು ಸಲ ನೋಡಿದೆ.

“ಮೇಲ್ಗಡೆ ಒಂದು ಟಿಪ್ಪಣಿ ಬರಿ,” ಎಂದಳು ಅತ್ತೆ, ಕಣ್ಣು ಉಜ್ಜಿಕೊಳ್ಳುತ್ತ. “ಯಾರೂ ತೆಗೀಬಾರದು ಅಂತ. ನಾನಾದ್ರೂ ಸರಿ.”

ಇಂಜಿನಿಯರ್ ಮತ್ತೆ ಓಡಿಸಿದರು. ಬಾಟಲಿ ಮುಗಿದವು, ಮಷೀನ್ ನಿಂತಿತು. ಅವರು ಪಟ್ಟಿಯಲ್ಲಿ ಒಂದು ಗುರುತು ಹಾಕಿದರು.

“ಇನ್ನೆಷ್ಟಿದೆ?” ಎಂದೆ.

“ನೂರ ಅರವತ್ತೊಂಬತ್ತು.”

ಅತ್ತೆ ಒದ್ದೆ ಚಪ್ಪಲಿ ಕಳಚಿಟ್ಟು, ಕುರ್ಚಿ ಎಳೆದುಕೊಂಡು ಕಾಲು ಮೇಲಿಟ್ಟು ಕೂತಳು.

“ಮುಂದಿಂದು ಹಾಕಿ,” ಎಂದಳು.